ಹೊಳೆಯ ತಳದ ಸಾಲ



ಈ ದತ್ತಿ ಉಪನ್ಯಾಸಕ್ಕೆ ಕರೆ ಬಂದಾಗ ನನ್ನ ಕಣ್ಣು ಮೊದಲು ಹೋದದ್ದು ವಿಷಯದ ಕಡೆಗಲ್ಲ, ದತ್ತಿಯ ಕಡೆಗೆ. ಆಯುಷ್ಯದ ಬಹುಪಾಲು ಲೆಕ್ಕಪತ್ರ ತಿರುವಿ ಹಾಕಿದವನ ಚಾಳಿ ಇದು. ಯಾರೋ ಹಿರಿಯರು ಒಂದಷ್ಟು ಅಸಲು ಇಟ್ಟುಹೋಗಿದ್ದಾರೆ. ಅಸಲನ್ನು ಮುಟ್ಟುವಂತಿಲ್ಲ. ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ, ಒಂದು ಹಾರ, ಎಲ್ಲರಿಗೂ ಒಂದೊಂದು ಲೋಟ ಕಾಫಿ. ಇಟ್ಟವರು ಇವತ್ತು ನಮ್ಮ ನಡುವೆ ಇಲ್ಲ, ಬಡ್ಡಿ ಮಾತ್ರ ಬರುತ್ತಲೇ ಇದೆ. ನಾನು ಮಾತಾಡಬೇಕೆಂದಿರುವುದು ಇದೇ ವ್ಯವಸ್ಥೆಯ ತಲೆಕೆಳಗಾದ ರೂಪದ ಬಗ್ಗೆ. ಅಲ್ಲಿಯೂ ಇಟ್ಟವರು ಇಲ್ಲ, ಬಡ್ಡಿ ಬೆಳೆಯುತ್ತಲೇ ಇದೆ. ಆದರೆ ಅವರು ಇಟ್ಟುಹೋದದ್ದು ಸಾಲ.

ಈ ಸಭಾಂಗಣದಿಂದ ಅರ್ಧ ಗಂಟೆ ಕಾರಿನಲ್ಲಿ ಹೋದರೆ ಸಿಯಾಟಲ್ ನಗರದ ದಕ್ಷಿಣ ಅಂಚಿನಲ್ಲಿ ಸೌತ್ ಪಾರ್ಕ್ ಎಂಬ ಬಡಾವಣೆ. ಇಲ್ಲಿನ ಕನ್ನಡಿಗರಾದ ನಮ್ಮಲ್ಲಿ ಹೆಚ್ಚಿನವರು ಬೆಲ್‌ವ್ಯೂ, ರೆಡ್ಮಂಡ್, ಸಮಾಮಿಶ್ ಕಡೆಯವರು. ಅತ್ತ ಹೋಗುವ ಪ್ರಸಂಗ ಬರುವುದಿಲ್ಲ. ವಿಮಾನ ನಿಲ್ದಾಣಕ್ಕೆ ಹೋಗುವಾಗ ಹೆದ್ದಾರಿಯ ಪಕ್ಕ ಒಂದು ನೇರವಾದ ಕಾಲುವೆ, ಅದರ ಎರಡೂ ಕಡೆ ಸಿಮೆಂಟು ಗೋಪುರ, ಗುಜರಿ ರಾಶಿ, ಹಡಗಿನ ಪೆಟ್ಟಿಗೆಗಳ ಗೋಡೆ ಕಂಡಿರಬಹುದು. ಅದು ಕಾಲುವೆಯಲ್ಲ, ಡುವಾಮಿಶ್ ಹೊಳೆ. ಅದರ ದಡದ ಚಿಕ್ಕ ಉದ್ಯಾನದಲ್ಲಿ ಒಂದು ಎಚ್ಚರಿಕೆಯ ಹಲಗೆ ಇದೆ. ಇಲ್ಲೇ ಹುಟ್ಟಿ ಇಲ್ಲೇ ಬೆಳೆಯುವ ಮೀನು, ಏಡಿ, ಚಿಪ್ಪುಮೀನು ತಿನ್ನಬೇಡಿ. ಸಮುದ್ರದಿಂದ ಬಂದು ಹಾದುಹೋಗುವ ಸಾಲ್ಮನ್ ಆದೀತು. ಇಂಗ್ಲಿಷಿನ ಜೊತೆಗೆ ಸ್ಪ್ಯಾನಿಷ್, ವಿಯೆಟ್ನಾಮೀಸ್, ಖ್ಮೇರ್ ಮುಂತಾದ ಭಾಷೆಗಳಲ್ಲಿ ಆ ಮಾತು ಹೇಳುವುದುಂಟು. ಕನ್ನಡದಲ್ಲಿ ಇಲ್ಲ. ಇರಬೇಕಾಗಿಯೂ ಇಲ್ಲ, ಯಾಕೆಂದರೆ ಮನೆಯ ಸಾರಿಗೆಂದು ಆ ಹೊಳೆಗೆ ಗಾಳ ಹಾಕುವ ಸ್ಥಿತಿ ನಮಗೆ ಬಂದಿಲ್ಲ. ಒಂದು ಹಲಗೆಯ ಮೇಲೆ ಯಾವ ಯಾವ ಭಾಷೆ ಇದೆ ಎಂದು ನೋಡಿದರೆ ಕೊಳೆಯ ಬಡ್ಡಿಯನ್ನು ಯಾರು ಕಟ್ಟುತ್ತಿದ್ದಾರೆ ಎಂಬುದು ಅರ್ಧ ಗೊತ್ತಾಗುತ್ತದೆ. ಉಳಿದರ್ಧ 2013ರ ಒಂದು ಆರೋಗ್ಯ ವಿಶ್ಲೇಷಣೆಯಲ್ಲಿದೆ: ಈ ಹೊಳೆಯ ಬದಿಯ ಸೌತ್ ಪಾರ್ಕ್ ಮತ್ತು ಜಾರ್ಜ್‌ಟೌನ್‌ನವರ ಸರಾಸರಿ ಆಯುಷ್ಯ ಅದೇ ನಗರದ ಶ್ರೀಮಂತ ಲಾರೆಲ್‌ಹರ್ಸ್ಟ್ ಬಡಾವಣೆಯವರಿಗಿಂತ 13 ವರ್ಷ ಕಡಿಮೆ. ಇದೆಲ್ಲ ಹೊಳೆಯೊಂದರಿಂದಲೇ ಆದದ್ದಲ್ಲ. ಬಡತನ, ಲಾರಿಗಳ ಹೊಗೆ, ವಿಮಾನಗಳ ಸದ್ದು ಎಲ್ಲ ಸೇರಿ ಆದದ್ದು. ಆದರೂ ಹದಿಮೂರು ವರ್ಷ.

ಈ ಕೊಳೆಯನ್ನು ಯಾರು ಹಾಕಿದರು? ನಮ್ಮಲ್ಲಿ ಇದಕ್ಕೆ ಸಿದ್ಧ ಉತ್ತರವಿದೆ: ಮಾಡಿದ್ದುಣ್ಣೋ ಮಹಾರಾಯ. ಎಂ.ಎಸ್. ಪುಟ್ಟಣ್ಣನವರು ಈ ಗಾದೆಯನ್ನೇ ಹೆಸರಾಗಿಟ್ಟು ಕಾದಂಬರಿ ಬರೆದರು. ಪರಿಸರದ ಕಾನೂನಿನಲ್ಲಿ ಇದಕ್ಕೆ ದೊಡ್ಡ ಹೆಸರು ಕೊಟ್ಟಿದ್ದಾರೆ, ಮಲಿನ ಮಾಡಿದವನೇ ತೆರಬೇಕು ಎಂಬ ತತ್ತ್ವ. ಕೇಳಲು ನ್ಯಾಯವಾಗಿದೆ. ತೊಡಕು ಇಷ್ಟೇ: ಉಣ್ಣಲು ಎಲೆ ಹಾಕಿಸಿದ ಮೇಲೆ ನೋಡಿದರೆ ಮಹಾರಾಯ ಇಲ್ಲ. ಸತ್ತಿದ್ದಾನೆ, ದಿವಾಳಿಯಾಗಿದ್ದಾನೆ, ಹೆಸರು ಬದಲಿಸಿ ಇನ್ನೊಬ್ಬನೊಳಗೆ ಸೇರಿದ್ದಾನೆ. ಇಲ್ಲವೇ ಲಕ್ಷಾಂತರ ಮಂದಿಯಾಗಿ ಹರಿದು ಹಂಚಿಹೋಗಿದ್ದಾನೆ. ಡುವಾಮಿಶ್ ಹೊಳೆಯಲ್ಲಿ ಈ ಎಲ್ಲ ಬಗೆಯ ಮಹಾರಾಯರೂ ಸಿಗುತ್ತಾರೆ.

ಮೊದಲು ಅದು ಅಂಕುಡೊಂಕಾಗಿ ಹರಿಯುತ್ತಿದ್ದ ಹೊಳೆ. 1913ರಿಂದ ಮುಂದೆ ಅದನ್ನು ಅಗೆದು ನೇರ ಮಾಡಿ ಹಡಗು ಬರುವಂತೆ ಮಾಡಿದರು. 1916ರಲ್ಲಿ ವಾಷಿಂಗ್ಟನ್ ಸರೋವರಕ್ಕೆ ಇನ್ನೊಂದು ಕಡೆಯಿಂದ ಕಾಲುವೆ ತೋಡಿದಾಗ ಸರೋವರದ ಮಟ್ಟ ಸುಮಾರು ಒಂಬತ್ತು ಅಡಿ ಇಳಿಯಿತು; ಅದರಿಂದ ಹೊರಟು ಡುವಾಮಿಶ್‌ಗೆ ಸೇರುತ್ತಿದ್ದ ಬ್ಲ್ಯಾಕ್ ನದಿ ಬತ್ತಿಯೇ ಹೋಯಿತು. ನಗರಕ್ಕೆ ಯಾರ ಹೆಸರಿದೆಯೋ ಆ ಮುಖಂಡ ಸಿಯಾಹ್ಲ್‌ನ ಡುವಾಮಿಶ್ ಜನರ ಹೊಳೆ ಹೀಗೆ ಗಾತ್ರದಲ್ಲೂ ಆಕಾರದಲ್ಲೂ ಕುಗ್ಗಿತು. ಆ ಬುಡಕಟ್ಟಿಗೆ ಕೇಂದ್ರ ಸರ್ಕಾರದ ಮಾನ್ಯತೆ ಇಲ್ಲದಿರುವುದು ಬೇರೆಯದೇ ಸಾಲದ ಕಥೆ. ಅದಕ್ಕೆ ಇನ್ನೊಂದು ದತ್ತಿ ಬೇಕು.

ಅದೇ ದಡದಲ್ಲಿ ಬೋಯಿಂಗ್ ಕಂಪನಿಯ ಎರಡನೇ ಕಾರ್ಖಾನೆ. ಎರಡನೇ ಮಹಾಯುದ್ಧದಲ್ಲಿ ಬಿ-17 ಬಾಂಬರು ವಿಮಾನಗಳು ಅಲ್ಲಿ ತಯಾರಾದವು, ಒಟ್ಟು 6,981. ಶತ್ರು ವಿಮಾನಗಳ ಕಣ್ಣು ತಪ್ಪಿಸಲು ಕಾರ್ಖಾನೆಯ ಚಾವಣಿಯ ಮೇಲೆ ಸುಳ್ಳು ಮನೆ, ಸುಳ್ಳು ಮರ, ಸುಳ್ಳು ಬೀದಿಗಳ ಒಂದು ಊರನ್ನೇ ಕಟ್ಟಿದ್ದರು. (ಆಗಲೇ ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನೂ ಅಮೆರಿಕನ್ ಸೇನೆ ವಿಮಾನ ರಿಪೇರಿಗಾಗಿ ವಹಿಸಿಕೊಂಡಿತ್ತು. ಒಂದೇ ಯುದ್ಧಕ್ಕೆ ಈ ಊರೂ ಆ ಊರೂ ಪಾನಾ ಹಿಡಿದಿದ್ದವು ಎಂಬುದು ನೆನಪಿರಲಿ.) ಇಲ್ಲಿನ ಹೊಳೆಯ ತಳದ ಮುಖ್ಯ ವಿಷ ಪಿಸಿಬಿ ಎಂಬ ರಾಸಾಯನಿಕ. ಟ್ರಾನ್ಸ್‌ಫಾರ್ಮರ್ ಎಣ್ಣೆ, ಬಣ್ಣ, ಕಾಂಕ್ರೀಟು ಹಾಸುಗಳ ನಡುವಿನ ಸಂದಿಗೆ ತುಂಬುವ ಅಂಟು, ಎಲ್ಲದರಲ್ಲೂ ಅದು ಇತ್ತು. ಅಮೆರಿಕದಲ್ಲಿ ಅದರ ತಯಾರಿಕೆ ನಿಂತದ್ದು 1979ರ ನಿಷೇಧದ ಹೊತ್ತಿಗೆ. ಅದರ ಜೊತೆಗೆ ಆರ್ಸೆನಿಕ್, ಡಯಾಕ್ಸಿನ್. ಜೋರು ಮಳೆ ಬಂದಾಗ ಹಳೆಯ ಚರಂಡಿಗಳು ತುಂಬಿ ಮಲವೂ ಮಳೆನೀರೂ ಒಟ್ಟಾಗಿ ಹೊಳೆಗೆ ಉಕ್ಕುತ್ತಿದ್ದವು. ಅದು ನಗರದ್ದು, ಕೌಂಟಿಯದು. ಹಡಗುಕಟ್ಟೆಯ ಜಮೀನು ಬಂದರು ಸಂಸ್ಥೆಯದು.

2001ರಲ್ಲಿ ಹೊಳೆಯ ಕೊನೆಯ ಐದು ಮೈಲಿಯನ್ನು ಕೇಂದ್ರ ಪರಿಸರ ಸಂಸ್ಥೆ ಸೂಪರ್‌ಫಂಡ್ ಪಟ್ಟಿಗೆ ಸೇರಿಸಿತು. ಸೂಪರ್‌ಫಂಡ್ ಎಂಬುದು 1980ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾಯ್ದೆಯ ಅಡ್ಡಹೆಸರು. ನ್ಯೂಯಾರ್ಕ್ ರಾಜ್ಯದ ಲವ್ ಕೆನಾಲ್‌ನಲ್ಲಿ ರಾಸಾಯನಿಕ ಹೂತ ಜಾಗದ ಮೇಲೆ ಮನೆ, ಶಾಲೆ ಕಟ್ಟಿ ಜನ ನರಳಿದ ಮೇಲೆ ಬಂದದ್ದು. ಈ ಕಾಯ್ದೆಯ ಜೀವ ಮೂರು ಮಾತಿನಲ್ಲಿದೆ. ನೀನು ಹಾಕಿದಾಗ ಅದು ಕಾನೂನುಬದ್ಧವಾಗಿತ್ತು ಎಂಬುದು ನೆಪವಲ್ಲ. ನಾನು ಬೇಕೆಂದು ಮಾಡಲಿಲ್ಲ ಎಂಬುದೂ ನೆಪವಲ್ಲ. ಹತ್ತು ಮಂದಿ ಹಾಕಿ ಯಾರದು ಎಷ್ಟು ಎಂದು ಬೇರ್ಪಡಿಸಲಾಗದಿದ್ದರೆ ಒಬ್ಬನಿಂದಲೇ ಪೂರ್ತಿ ವಸೂಲಿ ಮಾಡಬಹುದು. ಉಳಿದ ಒಂಬತ್ತು ಮಂದಿಯ ಬೆನ್ನು ಹತ್ತುವುದು ಅವನ ತಲೆನೋವು. ಇನ್ನೂ ಒಂದಿದೆ: ಹಾಕಿದವನಷ್ಟೇ ಅಲ್ಲ, ಈಗ ಆ ಜಮೀನಿನ ಒಡೆಯನಾಗಿರುವವನೂ ಹೊಣೆಗಾರ.

ಇದನ್ನು ಮೊದಲ ಸಲ ಓದಿದಾಗ ಇದೆಂಥ ಅನ್ಯಾಯ ಅನ್ನಿಸಿತು. ಆಮೇಲೆ ಇದನ್ನು ಎಲ್ಲೋ ಓದಿದ್ದೇನಲ್ಲ ಅನ್ನಿಸಿತು. ಎಲ್ಲಿ ಎಂದು ನೆನಪಾಗಲು ವಾರ ಹಿಡಿಯಿತು. ಕಲ್ಯಾಣದಲ್ಲಿ. ಈಗಿನ ಬಸವಕಲ್ಯಾಣ, ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ರಾಜಧಾನಿ. ಅಲ್ಲಿ ಕುಳಿತು ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದ. ಬಂಗಾಳದ ಕಡೆ ಬಿಟ್ಟರೆ ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆ ನೂರಾರು ವರ್ಷ ನಡೆದದ್ದು ಅದರ ಪ್ರಕಾರ. ನಮಗೆ ಆಸ್ತಿಯ ಭಾಗ ನೆನಪಿರುತ್ತದೆ, ಸಾಲದ ಭಾಗ ಮರೆತಿರುತ್ತದೆ. ಅಪ್ಪನ ಸಾಲವನ್ನು ಮಗ ತೀರಿಸಬೇಕು. ಮೊಮ್ಮಗ ಬಡ್ಡಿ ಬಿಟ್ಟು ಅಸಲನ್ನಾದರೂ ತೀರಿಸಬೇಕು. ಅದಕ್ಕಿಂತ ಮುಖ್ಯವಾದದ್ದು ರಿಕ್ಥದ ಮಾತು. ರಿಕ್ಥ ಎಂದರೆ ಸತ್ತವನು ಬಿಟ್ಟುಹೋದ ಸ್ವತ್ತು. ಆ ಸ್ವತ್ತು ಯಾರ ಕೈಗೆ ಬಂತೋ ಅವನಿಂದ ಸತ್ತವನ ಸಾಲವನ್ನು ವಸೂಲಿ ಮಾಡು ಎಂಬುದು ಧರ್ಮಶಾಸ್ತ್ರದ ಕಟ್ಟಳೆ. ನೀನು ಸಾಲ ಮಾಡಿದೆಯಾ ಎಂದು ಅದು ಕೇಳುವುದಿಲ್ಲ. ಹೊಲ ಉಳುತ್ತಿದ್ದೀಯಾ ಎಂದು ಕೇಳುತ್ತದೆ.

ಮಗ ತೀರಿಸಬೇಕಾಗಿಲ್ಲದ ಸಾಲಗಳ ಪಟ್ಟಿಯೂ ಅಲ್ಲಿದೆ. ಕುಡಿತದ್ದು, ಜೂಜಿನದು, ಹಾದರದ್ದು. ಜೊತೆಗೆ ಅಪ್ಪ ಕಟ್ಟದೆ ಉಳಿಸಿಹೋದ ದಂಡ ಮತ್ತು ಸುಂಕ. ದಂಡ ಮಗನಿಗೆ ಇಳಿಯುವುದಿಲ್ಲ, ಯಾಕೆಂದರೆ ದಂಡ ಎಂಬುದು ತಪ್ಪು ಮಾಡಿದವನ ಮೈಗೆ ಅಂಟಿದ್ದು. ಅವನು ಸತ್ತರೆ ಅದೂ ಸಾಯುತ್ತದೆ. ಸಾಲ ಸ್ವತ್ತಿಗೆ ಅಂಟಿದ್ದು, ಸ್ವತ್ತಿನ ಜೊತೆ ಅದು ನಡೆಯುತ್ತದೆ. ಅಪ್ಪನ ಸಾಲಕ್ಕಾಗಿ ಮಗನನ್ನು ಹಿಡಿಯುವ ಆ ಹಳೆಯ ಧಾರ್ಮಿಕ ಕರ್ತವ್ಯವನ್ನು ಭಾರತ 2005ರ ತಿದ್ದುಪಡಿಯಲ್ಲಿ ತೆಗೆದುಹಾಕಿತು, ಮನೆಗಳ ಮಟ್ಟಿಗೆ ಅದು ಒಳ್ಳೆಯದೇ. ನನಗೆ ಬೇಕಾಗಿರುವುದು ಆ ವಿಂಗಡಣೆ. ಹೊಳೆಗೆ ಹಾಕಿದ ವಿಷ ದಂಡದ ಲೆಕ್ಕಕ್ಕೆ ಬರೆಯಬೇಕಾದದ್ದೋ, ಸಾಲದ ಲೆಕ್ಕಕ್ಕೋ? ನಾವು ಬೇರೆ ಎಲ್ಲ ಚರ್ಚೆಗಿಂತ ಮೊದಲು ಈ ಕಂಬಸಾಲನ್ನು ಸರಿಯಾಗಿ ಬರೆಯಬೇಕು ಎಂಬುದೇ ಇವತ್ತಿನ ನನ್ನ ಅಹವಾಲು. ದಂಡ ಎಂದು ಬರೆದರೆ ಎಲ್ಲರೂ ತಪ್ಪಿತಸ್ಥನನ್ನು ಹುಡುಕುತ್ತಾರೆ, ತಪ್ಪಿತಸ್ಥ ಅಲ್ಲಗಳೆಯುತ್ತಾನೆ, ವಕೀಲರು ಬರುತ್ತಾರೆ, ಕೆಸರು ಅಲ್ಲೇ ಇರುತ್ತದೆ. ಸಾಲ ಎಂದು ಬರೆದರೆ ಯಾರೂ ಕೆಟ್ಟವರಾಗಬೇಕಿಲ್ಲ. ತೀರಿಸಿದರೆ ಸಾಕು.

ಡುವಾಮಿಶ್‌ನಲ್ಲಿ ಹೆಚ್ಚುಕಡಿಮೆ ಹಾಗೇ ನಡೆಯಿತು. ಪಟ್ಟಿಗೆ ಸೇರುವ ಮೊದಲೇ, 2000ದ ಕೊನೆಯಲ್ಲಿ, ಸಿಯಾಟಲ್ ನಗರ, ಕಿಂಗ್ ಕೌಂಟಿ, ಬಂದರು, ಬೋಯಿಂಗ್ ನಾಲ್ವರೂ ಕೂಡಿ ಪರೀಕ್ಷೆಯ ಖರ್ಚು ಹೊರಲು ಒಪ್ಪಿದರು. ಪಾಲಿನ ಜಗಳ ಮುಗಿಯುವ ಮೊದಲೇ ಅತಿ ಕೆಟ್ಟ ಜಾಗಗಳನ್ನು ಅಗೆದರು. ತಳದಲ್ಲಿದ್ದ ಪಿಸಿಬಿಯ ಸುಮಾರು ಅರ್ಧ ಹೀಗೆ ಮೊದಲೇ ಹೋಯಿತು. ಉಳಿದದ್ದಕ್ಕೆ ಕೇಂದ್ರ ಸಂಸ್ಥೆ 2014ರ ನವೆಂಬರ್‌ನಲ್ಲಿ ಯೋಜನೆ ಹೊರಡಿಸಿತು, ಅಂದಾಜು 34 ಕೋಟಿ 20 ಲಕ್ಷ ಡಾಲರ್. ಸರಿಯಾಗಿ ಹತ್ತು ವರ್ಷದ ಮೇಲೆ, 2024ರ ನವೆಂಬರ್‌ನಲ್ಲಿ, ನಗರ, ಕೌಂಟಿ, ಬೋಯಿಂಗ್ ಜೊತೆಗಿನ ಒಪ್ಪಂದದ ಕರಡು ನ್ಯಾಯಾಲಯಕ್ಕೆ ಹೋದಾಗ ಅಂದಾಜು 66 ಕೋಟಿ 80 ಲಕ್ಷ. ಎರಡರ ಲೆಕ್ಕದ ಕಟ್ಟು ಒಂದೇ ಅಲ್ಲ, ಅದು ನನಗೆ ಗೊತ್ತು. ಆದರೂ ಹಳ್ಳಿಯ ಯಾವ ಸಾಹುಕಾರನನ್ನು ಕೇಳಿದರೂ ನಡುವೆ ಏನಾಯಿತು ಎಂದು ಹೇಳುತ್ತಾನೆ.

ಆ ಪಿಸಿಬಿಯನ್ನು ತಯಾರಿಸಿ ಮಾರಿದವರ ಕಥೆಯೂ ಇದೆ. 2016ರಲ್ಲಿ ನಗರ ಮಾನ್ಸಾಂಟೊ ಮೇಲೆ ದಾವೆ ಹೂಡಿತು. 2018ರಲ್ಲಿ ಮಾನ್ಸಾಂಟೊವನ್ನು ಜರ್ಮನಿಯ ಬಾಯರ್ ಕೊಂಡಿತು. 2024ರಲ್ಲಿ 16 ಕೋಟಿ ಡಾಲರಿಗೆ ರಾಜಿಯಾಯಿತು, ತಪ್ಪು ಯಾರದೆಂಬ ತೀರ್ಪಿಲ್ಲದೆ. ಆಸ್ಪಿರಿನ್ ಮಾಡುವ ಜರ್ಮನ್ ಕಂಪನಿಗೂ ಈ ಹೊಳೆಗೂ ಏನು ಸಂಬಂಧ? ಸಂಬಂಧ ರಿಕ್ಥದ್ದು. ಹೊಲ ಕೊಂಡರು, ಹೊಲದ ಮೇಲಿನ ಸಾಲವನ್ನೂ ಕೊಂಡರು.

ಎಲ್ಲ ಕಡೆಯೂ ಇಷ್ಟು ಚೊಕ್ಕಟವಾಗಿ ಮುಗಿಯುವುದಿಲ್ಲ. ಇಲ್ಲಿಂದ ದಕ್ಷಿಣಕ್ಕೆ ಟಕೋಮಾದ ಅಂಚಿನಲ್ಲಿ ಅಸಾರ್ಕೊ ಎಂಬ ಕಂಪನಿ ತಾಮ್ರ ಕರಗಿಸುತ್ತಿತ್ತು. ಆರ್ಸೆನಿಕ್ ಹೆಚ್ಚಿರುವ ಅದಿರು. ಮುಗಿಲು ಮುಟ್ಟುವ ಚಿಮಣಿ. ಎತ್ತರದಿಂದ ಬಿಟ್ಟರೆ ಹೊಗೆ ದೂರ ಹೋಗಿ ತೆಳುವಾಗುತ್ತದೆ ಎಂಬ ನಂಬಿಕೆ. ತೆಳುವಾಯಿತೋ ಬಿಟ್ಟಿತೋ, ದೂರವಂತೂ ಹೋಯಿತು: ಸಾವಿರ ಚದರ ಮೈಲಿಗೂ ಮಿಕ್ಕಿ ಹಿತ್ತಲು, ಶಾಲೆಯ ಬಯಲು, ಕಾಡಿನ ಮೇಲೆ ಆರ್ಸೆನಿಕ್ಕೂ ಸೀಸವೂ ಇಳಿದವು. ವಾಷನ್ ದ್ವೀಪದವರು ಈ ತಾಮ್ರದಿಂದ ಒಂದು ಚೊಂಬನ್ನೂ ಪಡೆದವರಲ್ಲ, ಅವರ ಮಣ್ಣಿಗೂ ಪಾಲು ಬಂತು.

1983ರಲ್ಲಿ ಕೇಂದ್ರ ಪರಿಸರ ಸಂಸ್ಥೆಯ ಮುಖ್ಯಸ್ಥ ವಿಲಿಯಂ ರಕಲ್ಸ್‌ಹೌಸ್ ಒಂದು ವಿಚಿತ್ರ ಕೆಲಸ ಮಾಡಿದರು. ಹೊಗೆಯನ್ನು ಎಷ್ಟು ತಗ್ಗಿಸಬೇಕೆಂದು ತಾವೇ ಆಜ್ಞೆ ಹೊರಡಿಸುವ ಮೊದಲು ಟಕೋಮಾದ ಜನರನ್ನು ಕೇಳಿದರು. ಪೂರ್ತಿ ತಗ್ಗಿಸಿದರೆ ಕಾರ್ಖಾನೆ ಮುಚ್ಚಬಹುದು, ಕೆಲಸ ಹೋಗುತ್ತದೆ. ಬಿಟ್ಟರೆ ಕೆಲವರಿಗೆ ಕ್ಯಾನ್ಸರ್ ಬರುತ್ತದೆ. ನಿಮಗೆ ಎಷ್ಟು ಅಪಾಯ ಒಪ್ಪಿಗೆ? ಜನರ ಮೇಲೆ ಹೊಣೆ ಹೊರಿಸಿ ರಕಲ್ಸ್‌ಹೌಸ್ ರೋಮಿನ ಸೀಸರನಂತೆ ಕುಳಿತರು ಎಂದು ನ್ಯೂಯಾರ್ಕ್ ಟೈಮ್ಸ್ ಬೈದು ಬರೆಯಿತು. ನನಗೆ ಅದು ಪೂರ್ತಿ ತಪ್ಪೆನ್ನಿಸುವುದಿಲ್ಲ. ಕೇಳಿದ್ದು ಒಳ್ಳೆಯದೇ. ಕೇಳಿದ ಪ್ರಶ್ನೆ ಮಾತ್ರ ಮೋಸದ್ದು. ಅದು ಮಗನನ್ನು ನಿಲ್ಲಿಸಿ, ಅಪ್ಪ ಬೇಕೋ ಅಮ್ಮ ಬೇಕೋ ಎಂದು ಕೇಳಿದಂತೆ. ಜನ ಅದನ್ನು ಕಂಡುಹಿಡಿದರು. ಸಭೆಗಳಿಗೆ ಅಂಗಿಗೆ ಬಿಲ್ಲೆ ಚುಚ್ಚಿಕೊಂಡು ಬಂದರು. ಬಿಲ್ಲೆಯ ಮೇಲೆ ಇದ್ದದ್ದು ಒಂದೇ ಪದ: ಎರಡೂ. ಕೆಲಸವೂ ಬೇಕು, ಆರೋಗ್ಯವೂ ಬೇಕು.

ಎರಡೂ ಸಿಗಲಿಲ್ಲ. ತಾಮ್ರದ ಬೆಲೆ ಬಿದ್ದು ಎಂಬತ್ತರ ದಶಕದ ನಡುವಿನಲ್ಲಿ ಕಾರ್ಖಾನೆ ತಾನಾಗಿ ಮುಚ್ಚಿತು. 1993ರ ಜನವರಿಯಲ್ಲಿ ಚಿಮಣಿಗೆ ಸಿಡಿಮದ್ದಿಟ್ಟು ಉರುಳಿಸಿದರು. 1999ರಲ್ಲಿ ಅಸಾರ್ಕೊವನ್ನು ಮೆಕ್ಸಿಕೊದ ಕಂಪನಿಯೊಂದು ಕೊಂಡಿತು, 2005ರಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ಸಾಲಗಾರ ದಿವಾಳಿ ಎಂದ ಕೂಡಲೇ ಕಥೆ ಮುಗಿಯಿತು ಎಂದುಕೊಳ್ಳುತ್ತೇವೆ. ಇಲ್ಲಿ ಹಾಗಾಗಲಿಲ್ಲ. ರಾಜ್ಯ ಸರ್ಕಾರ ಸಾಲ ಕೊಟ್ಟ ಉಳಿದವರ ಜೊತೆ ಸಾಲಿನಲ್ಲಿ ನಿಂತಿತು. 2009ರ ಇತ್ಯರ್ಥದಲ್ಲಿ ವಾಷಿಂಗ್ಟನ್ ರಾಜ್ಯಕ್ಕೆ ಸುಮಾರು 18 ಕೋಟಿ 80 ಲಕ್ಷ ಡಾಲರ್ ಬಂತು. ಅದರಲ್ಲಿ ಅರ್ಧದಷ್ಟನ್ನು ಆ ಹೊಗೆ ಬಿದ್ದ ಸಾವಿರ ಚದರ ಮೈಲಿಗೆಂದು ಎತ್ತಿಟ್ಟರು. ಹಿತ್ತಲಿನ ಮಣ್ಣು ಪರೀಕ್ಷಿಸಿ, ಕೆಟ್ಟದ್ದನ್ನು ಅಗೆದು ಒಯ್ದು, ಹೊಸ ಮಣ್ಣು ತುಂಬಿ ಹುಲ್ಲು ಹಾಸಿಕೊಟ್ಟರು, ಮನೆಯವರಿಂದ ಕಾಸು ಕೇಳದೆ.

ನಮ್ಮ ಕೋಲಾರದ ಚಿನ್ನದ ಗಣಿಯ ಜೊತೆ ಇದನ್ನು ಇಟ್ಟು ನೋಡಿ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಬಂತು. 1956ರಲ್ಲಿ ಮೈಸೂರು ಸರ್ಕಾರ ಗಣಿಯನ್ನು ವಶಕ್ಕೆ ತೆಗೆದುಕೊಂಡಿತು, 1962ರಲ್ಲಿ ಕೇಂದ್ರ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್. 2001ರ ಫೆಬ್ರವರಿ 28ರಂದು ಮುಚ್ಚಿತು. ಉಳಿದದ್ದು ಹದಿಮೂರು ಸೈನೈಡ್ ದಿಬ್ಬಗಳು, ಚಿನ್ನ ತೆಗೆದ ಮೇಲೆ ಸುರಿದ ಹುಡಿ, ಸುಮಾರು 3 ಕೋಟಿ 30 ಲಕ್ಷ ಟನ್. ಗಾಳಿಗಾಲದಲ್ಲಿ ಆ ಹುಡಿ ಊರಿನ ಮೇಲೆ ಏಳುತ್ತದೆ. ಲಂಡನ್ನಿನವರು, ಮಹಾರಾಜರು, ರಾಜ್ಯ, ಕೇಂದ್ರ, ಎಲ್ಲರೂ ಅದರ ಚಿನ್ನ ಉಂಡವರು. ಆ ದಿಬ್ಬ ಯಾರ ಸಾಲ ಎಂದು ಕೇಳಿದಾಗ ಎಲ್ಲರೂ ಬೇರೆ ಕಡೆ ನೋಡುತ್ತಿದ್ದರು. ಆಮೇಲೆ ಚಿನ್ನದ ಬೆಲೆ ಏರಿತು. ಆ ಹುಡಿಯಲ್ಲಿ ಇನ್ನೂ ತೆಗೆಯಬಹುದಾದಷ್ಟು ಚಿನ್ನ ಉಳಿದಿದೆ ಎಂಬ ಲೆಕ್ಕ ಬಂತು. 2024ರಲ್ಲಿ ದಿಬ್ಬಗಳನ್ನು ಮತ್ತೆ ಗಣಿ ಮಾಡುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿತು. ಸಾಲಕ್ಕೆ ಕಾಣದಿದ್ದ ವಾರಸುದಾರರು ಸ್ವತ್ತಾದ ಮೇಲೆ ಕಾಣಿಸಿಕೊಂಡರು. ನಾನು ಇದನ್ನು ಕುಹಕಕ್ಕೆ ಹೇಳುತ್ತಿಲ್ಲ. ಚಿನ್ನ ತೆಗೆಯುವ ನೆಪದಲ್ಲಾದರೂ ದಿಬ್ಬ ಕರಗಿ ಊರಿಗೆ ಗಾಳಿ ಸಿಗುವುದಾದರೆ ಒಳ್ಳೆಯದೇ. ಉಳಿದ ಹುಡಿಯನ್ನು ಎಲ್ಲಿ ಇಡುತ್ತಾರೆ ಎಂಬ ಕರಾರು ಮಾತ್ರ ಚಿನ್ನದ ಕರಾರಿನಷ್ಟೇ ದಪ್ಪ ಅಕ್ಷರದಲ್ಲಿರಬೇಕು.

ಭಾರತದಲ್ಲಿ ಕಾನೂನು ಇಲ್ಲವೆಂದಲ್ಲ. ರಾಜಸ್ಥಾನದ ಬಿಚ್ಛ್ರಿ ಎಂಬ ಹಳ್ಳಿಯಲ್ಲಿ ಎಚ್-ಆಸಿಡ್ ಎಂಬ ರಾಸಾಯನಿಕದ ಕಾರ್ಖಾನೆಗಳು ಬಾವಿಗಳನ್ನು ಕೆಡಿಸಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರಲ್ಲೇ ಮಲಿನ ಮಾಡಿದವನು ತೆರಬೇಕೆಂದಿತು. ಕಂಪನಿ ಅರ್ಜಿಯ ಮೇಲೆ ಅರ್ಜಿ ಹಾಕುತ್ತ ಹೋಯಿತು. 2011ರಲ್ಲಿ ಕೋರ್ಟು ಬೇಸತ್ತು 37 ಕೋಟಿ ಚಿಲ್ಲರೆ ಅಸಲಿಗೆ 1997ರಿಂದ ಶೇಕಡಾ 12ರ ಚಕ್ರಬಡ್ಡಿ ಸೇರಿಸಿ ಕಟ್ಟು ಎಂದಿತು. ಚಕ್ರಬಡ್ಡಿ! ಆ ಒಂದು ಪದದಲ್ಲಿ ಕೋರ್ಟು ದಂಡದ ಪುಟದಿಂದ ಸಾಲದ ಪುಟಕ್ಕೆ ಲೆಕ್ಕ ತಿರುಗಿಸಿತು. ಬೆಂಗಳೂರಿನ ಬೆಳ್ಳಂದೂರು ಕೆರೆಯ ವಿಷಯದಲ್ಲಿ ಆದದ್ದು ತಿರುಗುಮುರುಗು. 2015ರಲ್ಲಿ, 2017ರಲ್ಲಿ, 2018ರ ಜನವರಿಯಲ್ಲಿ ಕೆರೆ ಉರಿಯಿತು, ನೀರಿಗೆ ಬೆಂಕಿ ಬಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ದಂಡ ಹಾಕಿತು. ಜನರ ತೆರಿಗೆಯ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ. ಆ ಕೆರೆಗೆ ಬೆಂಕಿ ಇಟ್ಟದ್ದು ನಗರದ ಮನೆಮನೆಯ ಬಚ್ಚಲು, ಶೌಚಾಲಯ, ಬಟ್ಟೆ ಒಗೆಯುವ ಪುಡಿ. ಅಲ್ಲಿ ದಂಡ ಯಾರಿಗೆ ಹಾಕುತ್ತೀರಿ?

ನಮ್ಮ ಹಳೆಯ ಕೆರೆಗಳ ಶಾಸನಗಳಲ್ಲಿ ಬಿತ್ತುವಟ್ಟ ಎಂಬ ಮಾತು ಬರುತ್ತದೆ. ಕೆರೆಯ ದುರಸ್ತಿಗೆ, ಹೂಳೆತ್ತಲು ಬಿಟ್ಟ ಜಮೀನು ಅಥವಾ ಬೆಳೆಯ ಪಾಲು. ಹೂಳು ಯಾರು ತಂದರು ಎಂದು ಯಾರೂ ಕೇಳುತ್ತಿರಲಿಲ್ಲ, ಮಳೆ ತಂದಿತ್ತು. ಕೆರೆಯ ನೀರುಂಡವರು ಹೂಳೆತ್ತುವುದಕ್ಕೆ ಕೊಡುತ್ತಿದ್ದರು, ಎತ್ತಿದ ಹೂಳನ್ನು ಹೊಲಕ್ಕೆ ಗೊಬ್ಬರವಾಗಿ ಹೊಡೆಯುತ್ತಿದ್ದರು. ಬೆಳ್ಳಂದೂರಿನ ಹೂಳನ್ನು ಈಗ ಯಾವ ರೈತ ತಾನೇ ಹೊಲಕ್ಕೆ ಹಾಕಿಕೊಂಡಾನು?

ಬಿತ್ತುವಟ್ಟದಂಥದ್ದನ್ನು ಇಲ್ಲಿ ವಾಷಿಂಗ್ಟನ್ ರಾಜ್ಯದ ಜನ ಎರಡು ಸಲ ಮಾಡಿದ್ದಾರೆ. ಎರಡನೆಯ ಸಲ, 1988ರ ನವೆಂಬರ್‌ನಲ್ಲಿ, ಮತದಾರರೇ ಚೀಟಿ ಹಾಕಿ ಒಂದು ಕಾಯ್ದೆ ತಂದರು: ಈ ರಾಜ್ಯಕ್ಕೆ ಬರುವ ಪೆಟ್ರೋಲು, ರಾಸಾಯನಿಕದಂಥ ಅಪಾಯಕಾರಿ ವಸ್ತುಗಳ ಸಗಟು ಬೆಲೆಯ ಮೇಲೆ ಶೇಕಡಾ 0.7 ತೆರಿಗೆ, ಆ ಹಣ ಮಲಿನ ಜಾಗಗಳ ಶುದ್ಧಿಗೆ. ಕೇಂದ್ರದ ಸೂಪರ್‌ಫಂಡ್ ತೆರಿಗೆ 1995ರಲ್ಲಿ ಸತ್ತು ಕಾಲು ಶತಮಾನ ಹೆಣವಾಗಿ ಬಿದ್ದಿತ್ತು, 2021ರಲ್ಲಷ್ಟೇ ಮತ್ತೆ ಎದ್ದಿತು. ರಾಜ್ಯದ್ದು ನಿಲ್ಲದೆ ನಡೆದುಬಂದಿದೆ.

ಮೊದಲ ಸಲ ಮಾಡಿದ್ದು ನಮ್ಮ ಮನೆಗಳ ಮುಂದಿನ ಸರೋವರಕ್ಕೆ. ಐವತ್ತರ ದಶಕದಲ್ಲಿ ವಾಷಿಂಗ್ಟನ್ ಸರೋವರಕ್ಕೆ ಸುತ್ತಲ ಪುಟ್ಟ ಪುಟ್ಟ ಪಟ್ಟಣಗಳ ಮಲಸಂಸ್ಕರಣದ ನೀರು ಬಂದು ಸೇರುತ್ತಿತ್ತು. 1955ರಲ್ಲಿ ವಿಶ್ವವಿದ್ಯಾಲಯದ ಎಡ್ಮಂಡ್‌ಸನ್ ಎಂಬ ಜೀವಿವಿಜ್ಞಾನಿಯ ಬಳಗ ನೀರಿನಲ್ಲಿ ಒಂದು ಬಗೆಯ ಪಾಚಿಯನ್ನು ಕಂಡಿತು. ಯೂರೋಪಿನ ಕೆಟ್ಟ ಸರೋವರಗಳಲ್ಲಿ ಮೊದಲು ಕಾಣಿಸಿಕೊಂಡದ್ದು ಅದೇ. ಎಡ್ಮಂಡ್‌ಸನ್ ಮುಂದೇನಾಗುತ್ತದೆ ಎಂದು ಹೇಳಿದರು, ಹಾಗೇ ಆಯಿತು. ನೀರಿಗಿಳಿಸಿದ ಬಿಳಿ ತಟ್ಟೆ ಮೂರಡಿ ಆಳದಲ್ಲೂ ಕಾಣದಷ್ಟು ಸರೋವರ ಕದಡಿತು. ಒಬ್ಬ ಅಪರಾಧಿ ಇಲ್ಲ, ಎಲ್ಲರ ಮನೆಯ ಹಿಂಬಾಗಿಲೂ ಅಪರಾಧಿ. ಜೇಮ್ಸ್ ಎಲಿಸ್ ಎಂಬ ವಕೀಲರ ಮುಂದಾಳತನದಲ್ಲಿ ಎಲ್ಲ ಪಟ್ಟಣ ಸೇರಿ ಒಂದೇ ಒಳಚರಂಡಿ ಸಂಸ್ಥೆ ಮಾಡುವ ಪ್ರಸ್ತಾವ 1958ರ ಮಾರ್ಚ್‌ನಲ್ಲಿ ಮತಕ್ಕೆ ಬಂದು ಸೋತಿತು. ಸಿಯಾಟಲ್‌ನವರು ಒಪ್ಪಿದರೂ ಹೊರವಲಯದವರು ಒಪ್ಪಲಿಲ್ಲ. ಸ್ವಲ್ಪ ಕಿರಿದು ಮಾಡಿ ಸೆಪ್ಟೆಂಬರ್‌ನಲ್ಲಿ ಮತ್ತೆ ತಂದರು, ಗೆದ್ದಿತು. 1963ರಿಂದ 1968ರ ಒಳಗೆ ಕೊಳಚೆಯನ್ನು ಪೂರ್ತಿ ತಿರುಗಿಸಿದರು. ಕೆಲವೇ ವರ್ಷಗಳಲ್ಲಿ ನೀರು ತಿಳಿಯಾಯಿತು. ಇವತ್ತು ಸರೋವರ ಕಾಣುವ ಕಿಟಕಿಯ ಮನೆಗೆ ಎಷ್ಟು ಬೆಲೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ತಿರುಗಿಸಿದ ಕೊಳಚೆ ಎಲ್ಲಿಗೆ ಹೋಯಿತು? ಬಹುಪಾಲು ಸಮುದ್ರದ ಕಡೆಗೆ. ಆದರೆ ಪೂರ್ವ ದಡದ, ಅಂದರೆ ನಮ್ಮ ಕಡೆಯ, ಕೊಳಚೆ ರೆಂಟನ್ ಸಂಸ್ಕರಣಾ ಕೇಂದ್ರಕ್ಕೆ ಹೋಗಿ, ಅಲ್ಲಿ ಶುದ್ಧವಾದ ನೀರು ಎಂಬತ್ತರ ದಶಕದವರೆಗೆ ಇಳಿಯುತ್ತಿದ್ದದ್ದು ಡುವಾಮಿಶ್ ಹೊಳೆಗೇ. ಸರೋವರದ ಪುಸ್ತಕದಲ್ಲಿ ತೀರಿದ ಸಾಲ ಹೊಳೆಯ ಪುಸ್ತಕದಲ್ಲಿ ಬರೆಯಲ್ಪಟ್ಟಿತ್ತು. ಲೆಕ್ಕ ಬರೆಯುವವರ ಭಾಷೆಯಲ್ಲಿ ಇದಕ್ಕೆ ವರ್ಗಾವಣೆ ಎನ್ನುತ್ತಾರೆ, ತೀರುವಳಿ ಎನ್ನುವುದಿಲ್ಲ.

ನಮ್ಮವರೊಬ್ಬರು ಹಿಂದೊಮ್ಮೆ ನನ್ನನ್ನು ಕೇಳಿದ್ದರು: ನಾವು ನಿನ್ನೆ ಮೊನ್ನೆ ಬಂದವರು, ಬಿ-17 ಕಟ್ಟಿದವರು ನಾವಲ್ಲ, ಪಿಸಿಬಿ ಸುರಿದವರು ನಾವಲ್ಲ, ನಮ್ಮ ತೆರಿಗೆಯಿಂದ ಯಾಕೆ? ವಿಜ್ಞಾನೇಶ್ವರನ ಉತ್ತರ ಅವರಿಗೆ ರುಚಿಸಲಿಲ್ಲ. ತಿಳಿಯಾದ ಸರೋವರ ರಿಕ್ಥ. 1958ರಲ್ಲಿ ಮತ ಹಾಕಿದವರು ಕಾಸು ಕೊಟ್ಟು ಬಿಟ್ಟುಹೋದದ್ದು. ಅದನ್ನು ನಾವು ಹಿಡಿದಿದ್ದೇವೆ. ಹೊಸ ಮನೆ ಕಟ್ಟಿಸಿದವರು ಕಿಂಗ್ ಕೌಂಟಿಯ ಒಳಚರಂಡಿಗೆ ಹದಿನೈದು ವರ್ಷ ಹೆಚ್ಚುವರಿ ಶುಲ್ಕ ಕಟ್ಟುತ್ತೀರಲ್ಲ, ಅದು ನಿಮ್ಮ ಪಾಲಿನ ಬಿತ್ತುವಟ್ಟ. ಎಷ್ಟು ಮಂದಿ ಆ ಚೀಟಿಯನ್ನು ಪೂರ್ತಿ ಓದಿದ್ದೀರಿ?

ಇನ್ನು ನಿನ್ನೆ ಮೊನ್ನೆ ಬಂದ ನಾವೇ ಮಾಡಿದ ಸಾಲ. ಇಲ್ಲಿನ ತೊರೆಗಳಿಗೆ ಮೊದಲ ಮಳೆಗೆ ಏರಿಬರುವ ಕೋಹೊ ಸಾಲ್ಮನ್‌ಗಳು ಮೊಟ್ಟೆ ಇಡುವ ಮೊದಲೇ ಬಾಯಿ ತೆರೆದು ಸುತ್ತುತ್ತ ಸಾಯುತ್ತಿದ್ದವು. ಕಾರಣ ಹುಡುಕಲು ವಿಜ್ಞಾನಿಗಳಿಗೆ ವರ್ಷಾನುಗಟ್ಟಲೆ ಹಿಡಿಯಿತು. 2020ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು: ಟಯರು ಬಿರುಕು ಬಿಡದಿರಲೆಂದು ರಬ್ಬರಿಗೆ ಸೇರಿಸುವ ಒಂದು ವಸ್ತು ಗಾಳಿಯ ಓಜೋನ್ ಜೊತೆ ಸೇರಿ ವಿಷವಾಗುತ್ತದೆ, ರಸ್ತೆಯ ಹುಡಿಯೊಡನೆ ತೊರೆಗೆ ಇಳಿಯುತ್ತದೆ. ಕೊಂದದ್ದು ಯಾರು? ಟಯರು ಕಂಪನಿಯೋ, ರಸ್ತೆ ಹಾಕಿದ ನಗರವೋ, ಇವತ್ತು ಈ ಉಪನ್ಯಾಸಕ್ಕೆ ಒಬ್ಬೊಬ್ಬರೇ ಒಂದೊಂದು ಕಾರಿನಲ್ಲಿ ಬಂದ ನಾವೋ? ನಾನೂ ಒಬ್ಬನೇ ಬಂದೆ. ಇಲ್ಲಿ ಔಷಧ ಮಾತ್ರ ಸರಳವಾದದ್ದು: ಆ ನೀರು ತೊರೆಗೆ ಹೋಗುವ ಮೊದಲು ಎರಡಡಿ ಮಣ್ಣಿನ ಮೂಲಕ ಸೋಸಿ ಇಳಿದರೆ ಮೀನು ಬದುಕುತ್ತದೆ. ಮರಳು, ಗೊಬ್ಬರ, ಗಿಡದ ಬೇರು. ನಮ್ಮ ಅಜ್ಜಿಯರು ಬಚ್ಚಲ ನೀರನ್ನು ಬಾಳೆಯ ಬುಡಕ್ಕೆ ಬಿಟ್ಟಂತೆ.

ಕೊನೆಗೆ ಒಂದು ಲೆಕ್ಕ ಬಾಕಿ ಇದೆ. 2014ರ ಡುವಾಮಿಶ್ ಯೋಜನೆಯ ಲೆಕ್ಕಕ್ಕೆ ಬಂದ ಹೊಳೆಯ ತಳ 412 ಎಕರೆ. ಅದರಲ್ಲಿ ಅಗೆಯುವುದು 105, ಮೇಲೆ ಶುದ್ಧ ಮರಳಿನ ದಪ್ಪ ಹೊದಿಕೆ ಹಾಸುವುದು 24, ತೆಳುವಾಗಿ ಮರಳು ಚೆಲ್ಲುವುದು 48. ಉಳಿದ 235 ಎಕರೆಯಲ್ಲಿ ಯಾರೂ ಏನೂ ಮಾಡುವುದಿಲ್ಲ. ಅಲ್ಲಿ ವಿಷ ಕಡಿಮೆ. ಮೇಲಿನ ಬೆಟ್ಟಗಳಿಂದ ಗ್ರೀನ್ ನದಿ ವರ್ಷವರ್ಷವೂ ತರುವ ಹೊಸ ಮಣ್ಣು ಅದರ ಮೇಲೆ ಕುಳಿತು ನಿಧಾನವಾಗಿ ಮುಚ್ಚಲಿ, ನಾವು ಆಗಾಗ ಅಳೆದು ನೋಡುತ್ತಿರೋಣ ಎಂಬುದು ಯೋಜನೆ. ಬೋಯಿಂಗ್, ನಗರ, ಕೌಂಟಿ, ಬಂದರು, ಬಾಯರ್, ನಾನು, ನೀವು ಎಲ್ಲರ ಪಾಲನ್ನೂ ಎಕರೆಯಲ್ಲಿ ಕೂಡಿಸಿದೆ. 177 ಬಂತು. ಅರ್ಧಕ್ಕಿಂತ ಹೆಚ್ಚಿನ ಎಕರೆಗಳನ್ನು ತೀರಿಸಬೇಕಾಗಿರುವುದು ಹೊಳೆ. ಹೊಣೆಗಾರರ ಯಾವ ಪಟ್ಟಿಯಲ್ಲೂ ಅದರ ಹೆಸರಿಲ್ಲ.

ಇಷ್ಟು ನನ್ನ ಲೆಕ್ಕ. ಹೊರಗೆ ಮಳೆ ಶುರುವಾದ ಹಾಗಿದೆ. ಪ್ರಶ್ನೆಗಳಿದ್ದರೆ ಕೇಳಿ, ಕಾಫಿ ಆರುವ ಮೊದಲು.